ಎಳನೀರು ಕೊಡುವ ಮೊದಲು

ಹಳೇ ಮೈಸೂರು ಕಡೆಯ ಒಂದು ದೊಡ್ಡಾಸ್ಪತ್ರೆಯಲ್ಲಿ ನಾನು ಸ್ವಯಂಸೇವಕಿಯಾಗಿ ಹನ್ನೊಂದು ವರ್ಷವಾಯಿತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಮಂಗಳವಾರ, ಶುಕ್ರವಾರ ಬೆಳಗ್ಗೆ ಎಂಟೂವರೆಯಿಂದ ಒಂದು ಗಂಟೆಯವರೆಗೆ ನನ್ನ ಪಾಳಿ. ಹೊಸದಾಗಿ ಬರುವವರಿಗೆ ಮೊದಲ ದಿನ ತಿಳಿಹೇಳುವ ಕೆಲಸವೂ ಈಗ ನನ್ನ ಪಾಲಿಗೇ ಬಂದಿದೆ. ಆಸ್ಪತ್ರೆಯವರು ಎರಡು ಪುಟದ ನಿಯಮಾವಳಿ ಕೊಡುತ್ತಾರೆ. ಓದಿ ಸಹಿ ಹಾಕಿ. ಅದರಲ್ಲಿ ಇಲ್ಲದ್ದನ್ನು, ಇದ್ದರೂ ಯಾಕಿದೆ ಎಂದು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನವು ನಾನೇ ತಪ್ಪು ಮಾಡಿ ಕಲಿತವು.

1. ಮೊದಲ ತಿಂಗಳು ದಾರಿ ಕಲಿಯಿರಿ

ಬಂದವರೆಲ್ಲರಿಗೂ ಮೊದಲ ದಿನವೇ ವಾರ್ಡಿಗೆ ಹೋಗಿ ರೋಗಿಯ ಪಕ್ಕ ಕೂರುವ ಆಸೆ. ನಾವು ಬಿಡುವುದಿಲ್ಲ. ನಾಲ್ಕು ವಾರ ನಿಮ್ಮ ಜಾಗ ಓಪಿಡಿ ಬಾಗಿಲು, ಚೀಟಿ ಕೌಂಟರಿನ ಪಕ್ಕ.

ಮೊದಲ ಬಸ್ಸು ಹತ್ತಿ ಹಳ್ಳಿಯಿಂದ ಬಂದವರಿಗೆ ಡಾಕ್ಟರಿಗಿಂತ ಮೊದಲು ಎದುರಾಗುವುದು ಕಟ್ಟಡ. ಚೀಟಿ ಮಾಡಿಸುವುದು ಒಂದು ಕಡೆ, ತೋರಿಸುವುದು ಇನ್ನೊಂದು ಕಡೆ. ರಕ್ತ ಕೊಡುವುದು ಹಿಂದಿನ ಬ್ಲಾಕಿನಲ್ಲಿ, ಅದರ ರಿಪೋರ್ಟು ಸಿಗುವ ಕಿಟಕಿ ಮೇಲಿನ ಮಹಡಿಯಲ್ಲಿ. ತಪ್ಪು ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತರೆ ಅಂದಿನ ಡಾಕ್ಟರು ಎದ್ದು ಹೋಗಿರುತ್ತಾರೆ. ಕೂಲಿ ಬಿಟ್ಟು ಬಂದವರು "ನಾಳೆ ಬನ್ನಿ" ಎಂದರೆ ನಾಳೆ ಬರುವುದಿಲ್ಲ. ಕಾಯಿಲೆ ಉಲ್ಬಣವಾದ ಮೇಲೆ ಬರುತ್ತಾರೆ. ಆ ಒಂದು ಸಾಲು ತಪ್ಪಿಸುವುದು ನಿಮ್ಮ ಕೈಯಲ್ಲಿದೆ.

ದಾರಿ ತೋರಿಸುವುದು ಸಣ್ಣ ಕೆಲಸ ಎನಿಸಿದವರಿಗೆ ನಾನು ಒಂದು ಪರೀಕ್ಷೆ ಕೊಡುತ್ತೇನೆ. ಯಾರನ್ನೂ ಕೇಳದೆ ಓಪಿಡಿಯಿಂದ ಎಕ್ಸರೇ ಕೋಣೆಗೆ ಹೋಗಿ ಬರಬೇಕು. ಕಳೆದ ಸಲ ಒಬ್ಬ ಇಂಜಿನಿಯರಿಂಗ್ ಹುಡುಗ ಹೋಗಿ ನಿಂತದ್ದು ಶವಾಗಾರದ ಬಾಗಿಲಲ್ಲಿ.

ಇನ್ನೊಂದು ವಿಷಯ. "ರೂಮ್ ನಂಬರ್ 14, ಬೋರ್ಡ್ ಇದೆ ನೋಡಿ" ಎನ್ನಬೇಡಿ. ಓದಲು ಬಾರದವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ತಲೆಯಾಡಿಸಿ ಹೋಗಿಬಿಡುತ್ತಾರೆ. "ಎಡಗಡೆ ಹಸಿರು ಬಾಗಿಲು, ಪಕ್ಕದಲ್ಲೇ ಕುಡಿಯೋ ನೀರಿನ ನಲ್ಲಿ" ಎನ್ನಿ. ಬಿಡುವಿದ್ದರೆ ಜೊತೆಗೇ ನಡೆದುಬಿಡಿ.

2. ಸಿಸ್ಟರನ್ನು ಕೇಳದೆ ನೀರೂ ಕೊಡಬೇಡಿ

ನಾನು ಸೇರಿದ ಎರಡನೇ ವರ್ಷ. ಸರ್ಜರಿ ವಾರ್ಡಿನಲ್ಲಿ ಹರ್ನಿಯಾ ಆಪರೇಷನ್ನಿಗೆಂದು ಬಂದ ತಾತ ಒಬ್ಬರು ಕೂತಿದ್ದರು. ಮಗ ಯಾವುದೋ ಕಾಗದಕ್ಕೆ ಸಹಿ ಹಾಕಲು ಹೋಗಿದ್ದ. "ಅವ್ವ, ರಾತ್ರಿಯಿಂದ ಏನೂ ಇಲ್ಲ ಕಣವ್ವ, ಗಂಟ್ಲು ಒಣಗೋಗದೆ" ಎಂದರು. ನನ್ನ ಫ್ಲಾಸ್ಕಿನಲ್ಲಿ ಕಾಫಿ ಇತ್ತು. ಅರ್ಧ ಲೋಟ ಬಗ್ಗಿಸಿ ಕೊಟ್ಟೆ. ಕುಡಿದು ಅವರು ನನ್ನ ತಲೆ ಮುಟ್ಟಿ ಹರಸಿದರು ಕೂಡ. ಇಪ್ಪತ್ತು ನಿಮಿಷಕ್ಕೆ ಸ್ಟ್ರೆಚರು ಬಂತು, ಅರಿವಳಿಕೆಯ ಡಾಕ್ಟರು "ಏನಾದ್ರೂ ತಗೊಂಡ್ರಾ ತಾತ?" ಎಂದು ಕೇಳಿದರು, ತಾತ ಸಂತೋಷದಿಂದ ನನ್ನ ಕಡೆ ಕೈ ತೋರಿಸಿದರು.

ಆಪರೇಷನ್ ನಿಂತುಹೋಯಿತು. ಮುಂದಿನ ದಿನಾಂಕ ಸಿಕ್ಕಿದ್ದು ಆರು ದಿನದ ನಂತರ. ಕಬ್ಬು ಕಡಿಯುವ ಕಾಲ; ಮಗ ಆರು ದಿನ ಆಸ್ಪತ್ರೆಯ ಜಗಲಿಯಲ್ಲೇ ಮಲಗಿದ. ನನ್ನನ್ನು ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾಕೆ ಇಷ್ಟು ಕಟ್ಟುನಿಟ್ಟು ಎಂದು ಆಮೇಲೆ ಆ ಡಾಕ್ಟರೇ ಕೂರಿಸಿಕೊಂಡು ಹೇಳಿದರು. ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ಸಡಿಲವಾಗುತ್ತದೆ. ಹೊಟ್ಟೆಯಲ್ಲಿ ಇರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಬರೀ ನೀರಿಗೆ ಎರಡು ಗಂಟೆ ಅಂತರ ಸಾಕಾಗಬಹುದು, ಹಾಲು ಬೆರೆತರೆ ಆರು ಗಂಟೆ ಬೇಕು. ನನ್ನದು ಒಳ್ಳೇ ಗಟ್ಟಿ ಹಾಲಿನ ಫಿಲ್ಟರ್ ಕಾಫಿ.

ಎಳನೀರಿನ ಕಥೆ ಇದಕ್ಕಿಂತ ಗಂಭೀರ. ಆಸ್ಪತ್ರೆಗೆ ನೋಡಲು ಹೋಗುವಾಗ ನಮ್ಮವರು ಬರಿಗೈಯಲ್ಲಿ ಹೋಗುವುದಿಲ್ಲ: ಎಳನೀರು, ಬಾಳೆಹಣ್ಣು, ಮೋಸಂಬಿ, ಬ್ರೆಡ್ಡು. ಎಳನೀರು ತಂಪು, ಯಾರಿಗೂ ಕೆಟ್ಟದ್ದು ಮಾಡದು ಎಂದು ನಾನೂ ನಂಬಿದ್ದೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಕೈಕೊಟ್ಟವರ ದೇಹ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಡಯಾಲಿಸಿಸ್ ವಾರ್ಡಿಗೆ ಎಳನೀರು ಹಿಡಿದು ಬಂದ ನೆಂಟರನ್ನು ಬಾಗಿಲಲ್ಲೇ ನಯವಾಗಿ ತಡೆಯುವುದು ಈಗ ನಮ್ಮ ಕೆಲಸಗಳಲ್ಲಿ ಒಂದು. ಬಾಳೆಹಣ್ಣಿಗೂ ಇದೇ ಮಾತು.

ಹುಟ್ಟುಹಬ್ಬದ ಪ್ರಯುಕ್ತ ಹಣ್ಣುಹಂಪಲು ವಿತರಣೆಗೆ ಬರುವವರ ವಿಷಯ ಹೇಳದಿರುವುದೇ ವಾಸಿ. ಹಿಂದೆ ಫೋಟೋದವರು, ಮುಂದೆ ಮುಖಂಡರು, ಮಧ್ಯೆ ಎಚ್ಚರ ತಪ್ಪಿ ಮಲಗಿರುವವರ ಎದೆಯ ಮೇಲೂ ಒಂದು ಬ್ರೆಡ್ಡಿನ ಪೊಟ್ಟಣ. ಅವರನ್ನು ತಡೆಯುವ ಅಧಿಕಾರ ನಿಮಗಿಲ್ಲ. ಅವರು ಹೋದ ಮೇಲೆ ಸಿಸ್ಟರ್ ಜೊತೆ ಒಂದು ಸುತ್ತು ಹಾಕಿ, ಯಾರಿಗೆ ಯಾವುದು ಬೇಡವೋ ಅದನ್ನು ಎತ್ತಿಡಬಹುದು.

3. ರೋಗಿಯ ಮಾತನ್ನು ರೋಗಿಯ ಬಾಯಲ್ಲಿ ಬಂದ ಹಾಗೆ ಹೇಳಿ

ಪಿಜಿ ಡಾಕ್ಟರುಗಳಲ್ಲಿ ಹೊರರಾಜ್ಯದವರು ಬಹಳ. ಎರಡು ವರ್ಷದಲ್ಲಿ ಅವರು ಒಳ್ಳೆಯ ಕನ್ನಡ ಕಲಿಯುತ್ತಾರೆ, ಆದರೆ ಮೊದಲ ಆರು ತಿಂಗಳು ನಡುವೆ ನಿಂತು ಹೇಳುವವರು ನಾವು. ಇಲ್ಲಿ ನಾನು ಮಾಡಿದ ತಪ್ಪು ಕಾಫಿಗಿಂತ ದೊಡ್ಡದಾಗಬಹುದಿತ್ತು.

ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸು, ಅರವತ್ತರ ಆಸುಪಾಸು. "ಎದೇಲಿ ಒಂಥರಾ ಸಂಕ್ಟ ಆಯ್ತದೆ, ಉರೀತದೆ, ರಟ್ಟೆ ಎಳೀತದೆ" ಎಂದರು. ನಾನು ಜಾಣೆಯಂತೆ "ಗ್ಯಾಸ್ಟ್ರಿಕ್ ಅಂತೆ ಡಾಕ್ಟರ್" ಎಂದೆ. ಆ ಡಾಕ್ಟರ್ ಹುಡುಗಿ, ಉತ್ತರದ ಕಡೆಯವಳು, ನನ್ನ ಮಾತಿಗಿಂತ ಆ ಹೆಂಗಸಿನ ಕೈಯನ್ನು ನೋಡುತ್ತಿದ್ದಳು. ಬಲಗೈ ಹೋಗಿ ಹೋಗಿ ಎಡ ರಟ್ಟೆಯನ್ನೇ ಒತ್ತುತ್ತಿತ್ತು. "ಇಲ್ಲಿ ಏನು ಹೇಳಿದ್ರು?" ಎಂದು ತನ್ನ ರಟ್ಟೆ ಮುಟ್ಟಿ ತೋರಿಸಿ ಕೇಳಿದಳು. ಹೇಳಿದೆ. ಇಸಿಜಿ ಆಯಿತು, ಅಲ್ಲಿಂದ ನೇರ ಐಸಿಯು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಯಾವಾಗಲೂ ಸಿನಿಮಾದಲ್ಲಿ ತೋರಿಸುವಂತೆ ಬರುವುದಿಲ್ಲ ಎಂದು ಆಮೇಲೆ ಕಲಿತೆ.

ಸುಸ್ತು, ಸಂಕಟ, ಜೋಮು, ತೊಳಸು, ಉಬ್ಬಸ, ಸೆಳೆತ — ಪ್ರತಿಯೊಂದೂ ಬೇರೆ. ಅರ್ಥವಾಗದಿದ್ದರೆ "ಎಲ್ಲಿ, ಕೈಯಿಟ್ಟು ತೋರ್ಸಿ" ಎನ್ನಿ. ಕಾಯಿಲೆಗೆ ಹೆಸರಿಡುವುದು ನಿಮ್ಮ ಕೆಲಸವಲ್ಲ. ಹೊಟ್ಟೆಯ ಮೇಲೆ ಬರೆ ಹಾಕಿಸಿದ್ದಾರೆ, ನಾಟಿ ಔಷಧಿ ಕುಡಿದಿದ್ದಾರೆ ಎಂದು ಗೊತ್ತಾದರೆ ಅದನ್ನೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಆದರೆ ಮುಖದಲ್ಲಿ ತಾತ್ಸಾರ ಬೇಡ. ತಾತ್ಸಾರ ಕಂಡರೆ ಮುಂದಿನ ಸಲ ಅವರು ಹೇಳುವುದಿಲ್ಲ.

4. ಬಳೆ ಮನೆಯಲ್ಲಿ ಬಿಟ್ಟು ಬನ್ನಿ

ಹೆಂಗಸರಿಗೆ ಇದು ಕಷ್ಟ. ಮುತ್ತೈದೆಯರು ಕೈ ಬರಿದು ಮಾಡಿಕೊಂಡು ಮನೆಯಿಂದ ಹೊರಡುವುದಕ್ಕೆ ಅತ್ತೆಯರು ಒಪ್ಪುವುದಿಲ್ಲ. ನಮ್ಮಲ್ಲಿ ಒಬ್ಬರು ಗೇಟಿನವರೆಗೆ ಬಳೆ ತೊಟ್ಟು ಬಂದು, ಒಳಗೆ ಬಿಚ್ಚಿ ಡಬ್ಬಿಯಲ್ಲಿಟ್ಟು, ಹೋಗುವಾಗ ಮತ್ತೆ ತೊಡುತ್ತಾರೆ. ಹಾಗೆ ಮಾಡಿ, ಪರವಾಗಿಲ್ಲ. ಬಳೆ, ಉಂಗುರ, ವಾಚು, ಕೈಗೆ ಕಟ್ಟಿದ ದಾರ, ಇವುಗಳ ಅಡಿಯಲ್ಲಿ ಸೋಪು ಹೋಗುವುದಿಲ್ಲ.

ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರಾದರೆ 20ರಿಂದ 30 ಸೆಕೆಂಡು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನನ್ನ ಲೆಕ್ಕ: ಹನ್ನೆರಡರ ಮಗ್ಗಿ, ಹದಿಮೂರರ ಮಗ್ಗಿ ಎರಡನ್ನೂ ಮನಸ್ಸಿನಲ್ಲೇ ನಿಧಾನವಾಗಿ ಹೇಳಿ ಮುಗಿಸಿ. ಹದಿಮೂರರ ಮಗ್ಗಿ ಬಾರದವರು ಇನ್ನೂ ಚೆನ್ನಾಗಿ ತೊಳೆಯುತ್ತಾರೆ. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದರೆ ಸ್ಯಾನಿಟೈಸರು ಸಾಲದು.

ನೆಲದ ಮೇಲೆ ಬಿದ್ದದ್ದು ಏನೇ ಇರಲಿ, ಬಗ್ಗಿ ಎತ್ತಬೇಡಿ. ಹಳದಿ, ಕೆಂಪು, ನೀಲಿ, ಬಿಳಿ ಡಬ್ಬಗಳಿರುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ. ಯಾವುದಕ್ಕೆ ಯಾವುದು ಎಂದು ಕಲಿತವರು ಹಾಕುತ್ತಾರೆ. ಅಕಸ್ಮಾತ್ ಸೂಜಿ ಚುಚ್ಚಿದರೆ ಹಿಂಡಬೇಡಿ, ಬಾಯಲ್ಲಿ ಇಟ್ಟು ಚೀಪಬೇಡಿ. ಸೋಪು ನೀರಿನಲ್ಲಿ ತೊಳೆದು ಆ ಕ್ಷಣವೇ ಸಿಸ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ನಾಚಿಕೆಪಟ್ಟು ಮನೆಗೆ ಹೋಗಿ ಅರಿಶಿನ ಹಚ್ಚಿಕೊಂಡವರಿದ್ದಾರೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು, ಮುಗಿಯಲು ಆರು ತಿಂಗಳು. ಸೇರಿದ ವಾರವೇ ಶುರು ಮಾಡಿ.

5. ವೀಲ್‌ಚೇರು

ಹತ್ತಿಸುವಾಗ, ಇಳಿಸುವಾಗ ಬ್ರೇಕು ಹಾಕಿ. ಇಳಿಯುವ ಮೊದಲು ಕಾಲಿಡುವ ಹಲಗೆ ಮಡಚಿ. ಅದರ ಮೇಲೆ ಕಾಲಿಟ್ಟು ಎದ್ದರೆ ಕುರ್ಚಿ ಮಗುಚುತ್ತದೆ. ಇಳಿಜಾರಿನಲ್ಲಿ ಹಿಂಬದಿಯಾಗಿ ಇಳಿಸಿ. ಸೀರೆ ಸೆರಗು, ಪಂಚೆಯ ಚುಂಗು ಚಕ್ರಕ್ಕೆ ಸಿಗದಂತೆ ನೋಡಿ. ಮೂತ್ರದ ಚೀಲವನ್ನು ಮರ್ಯಾದೆಗೆಂದು ಮಡಿಲಲ್ಲಿಟ್ಟು ಟವಲು ಮುಚ್ಚುವವರಿದ್ದಾರೆ. ಅದು ಸೊಂಟಕ್ಕಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಟವಲನ್ನು ಕೆಳಗಿರುವ ಚೀಲಕ್ಕೇ ಸುತ್ತಿ.

6. ಕಂಡದ್ದನ್ನು ಗೇಟಿನಿಂದ ಆಚೆ ಒಯ್ಯಬೇಡಿ

ಒಂದು ಮದುವೆ ಮನೆ. ಊಟದ ಸಾಲಿನಲ್ಲಿ ಪಕ್ಕದವರ ಜೊತೆ ಮಾತಾಡುತ್ತಾ, "ನಿಮ್ಮ ಬೀದಿಯ ಆ ಹುಡುಗಿಯನ್ನು ಟಿಬಿ ವಿಭಾಗದ ಹತ್ತಿರ ನೋಡಿದೆ, ಪಾಪ ಬಡವಾಗಿದ್ದಾಳೆ" ಎಂದೆ. ಅಷ್ಟೇ. ಹದಿನೈದು ದಿನದಲ್ಲಿ ಆ ಹುಡುಗಿಗೆ ಬಂದಿದ್ದ ಸಂಬಂಧ ಮುರಿದುಬಿತ್ತು. ಅವಳು ಅಲ್ಲಿಗೆ ಬಂದದ್ದು ಅಪ್ಪನ ಮಾತ್ರೆ ತೆಗೆದುಕೊಂಡು ಹೋಗಲು. ಅವಳ ತಾಯಿ ನಮ್ಮ ಮನೆಗೆ ಬಂದು ಹೊಸ್ತಿಲಾಚೆಯೇ ನಿಂತು ಮಾತಾಡಿ ಹೋದರು. ಹನ್ನೊಂದು ವರ್ಷದಲ್ಲಿ ಆಸ್ಪತ್ರೆ ಬಿಟ್ಟುಬಿಡೋಣ ಎಂದು ನನಗೆ ಅನಿಸಿದ್ದು ಆ ಒಂದು ಸಂಜೆ.

ಎಚ್‌ಐವಿ ಇದೆ ಎಂಬುದನ್ನು ಅವರ ಒಪ್ಪಿಗೆಯಿಲ್ಲದೆ ಹೇಳಬಾರದೆಂದು 2017ರ ಕಾಯ್ದೆಯೇ ಇದೆ. ಉಳಿದ ಕಾಯಿಲೆಗಳ ವಿಷಯದಲ್ಲೂ ನಿಮ್ಮ ನಡತೆ ಅದೇ ಇರಲಿ. ಸಿಟಿ ಬಸ್ಸಿನಲ್ಲಿ, ಮನೆಯಲ್ಲಿ ಗಂಡನ ಎದುರಿಗೂ ಬೇಡ. ಪರಿಚಯದವರು ಆಸ್ಪತ್ರೆಯಲ್ಲಿ ಎದುರಾದರೆ ಅವರು ಮಾತಾಡಿಸಿದರೆ ಮಾತ್ರ ಮಾತಾಡಿ. ಫೋಟೋ ತೆಗೆಯಲೇಬೇಡಿ.

ಮನೆಯವರು ಪಿಸುಮಾತಿನಲ್ಲಿ, "ಅಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ಹೇಳ್ಬೇಡಿ ಮೇಡಂ" ಎನ್ನುತ್ತಾರೆ. ಅಪ್ಪ ಅದೇ ಮಧ್ಯಾಹ್ನ, "ನಂಗೆ ಏನಾಗದೆ ಹೇಳಿ ಮೇಡಮ್ಮೋರೆ, ಇವರೆಲ್ಲಾ ಮುಚ್ಚಿಡ್ತಾವ್ರೆ" ಎನ್ನುತ್ತಾರೆ. ನೀವು ಹೇಳುವಂತೆಯೂ ಇಲ್ಲ, ಸುಳ್ಳು ಹೇಳುವಂತೆಯೂ ಇಲ್ಲ. "ನೀವು ಕೇಳ್ತಿದ್ದೀರಿ ಅಂತ ಡಾಕ್ಟರಿಗೆ ಹೇಳ್ತೀನಿ" ಎಂದು, ನಿಜವಾಗಿಯೂ ಹೋಗಿ ಹೇಳಿ.

"ಯಾವೂರು?" ಎಂದು ಕೇಳಬಹುದು, ಮಾತು ಬೆಳೆಯುತ್ತದೆ. "ಯಾವ ಜನ?" ಎಂದು ಕೇಳಬೇಡಿ.

7. ನಿಮ್ಮ ಪರ್ಸು ಮುಚ್ಚಿರಲಿ

ಮೊದಲ ವರ್ಷ ನಾನು ಐನೂರು, ಇನ್ನೂರು ಎಂದು ಕೊಡುತ್ತಲೇ ಇದ್ದೆ. ಆಮೇಲೆ ವಾರ್ಡಿನಲ್ಲಿ ನನಗೆ "ದುಡ್ಡು ಕೊಡೋ ಮೇಡಂ" ಎಂಬ ಹೆಸರು ಬಂತು. ನಾನು ಬಂದ ದಿನ ಮಂಚದ ಮೇಲಿನವರೆಲ್ಲ ನನ್ನ ಬ್ಯಾಗನ್ನು ನೋಡುತ್ತಿದ್ದರು, ಪಕ್ಕದ ಮಂಚಕ್ಕೆ ಕೊಟ್ಟು ತಮಗೆ ಕೊಡಲಿಲ್ಲವೆಂದು ಕೋಪ ಬೇರೆ. ರೋಗಿಯ ದುಡ್ಡನ್ನು ಜೋಪಾನಕ್ಕೆಂದು ಇಟ್ಟುಕೊಳ್ಳುವುದೂ ಬೇಡ, ಹೊರಗಿನ ಲ್ಯಾಬು, ಮೆಡಿಕಲ್ ಸ್ಟೋರುಗಳ ಹೆಸರು ಹೇಳುವುದೂ ಬೇಡ.

ನಿಮ್ಮ ಐನೂರಕ್ಕಿಂತ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರು ದೊಡ್ಡದು. ರಾಜ್ಯದಲ್ಲಿ 2018ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡು, ಆಧಾರ್ ಎರಡೂ ಬೇಕು. ಇಲ್ಲಿ ಆಗದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಪಟ್ಟಿ ಮಾಡಿರುವ ತುರ್ತು ಚಿಕಿತ್ಸೆಗಳಿಗೆ ಅದು ಬೇಡ. ಕೌಂಟರಿನಲ್ಲಿ ಕೂರುವ ಆರೋಗ್ಯಮಿತ್ರರ ಪರಿಚಯ ಮಾಡಿಕೊಳ್ಳಿ. ರೇಷನ್ ಕಾರ್ಡನ್ನು ಊರಲ್ಲಿ ಟ್ರಂಕಿನಲ್ಲಿಟ್ಟು ಬಂದವರಿಗೆ ಮೊದಲ ದಿನವೇ ಹೇಳಿ ತರಿಸಿದರೆ, ನಾಲ್ಕನೇ ದಿನ ಅವರು ಓಲೆ ಅಡವಿಡುವುದು ತಪ್ಪುತ್ತದೆ.

8. ರಕ್ತ ಮಾರುವವರು

"ಎರಡು ಬಾಟ್ಲಿ ರಕ್ತ ಬೇಕಂತೆ" ಎಂದು ಹೆದರಿ ಓಡಾಡುವವರನ್ನು ಆಸ್ಪತ್ರೆ ಎದುರಿನ ಟೀ ಅಂಗಡಿಯಲ್ಲಿ ಯಾರಾದರೂ ಮಾತಾಡಿಸಿದರೆ ಕಿವಿ ನಿಮಿರಲಿ. ದುಡ್ಡಿಗೆ ರಕ್ತ ಕೊಡುವುದು ಸುಪ್ರೀಂ ಕೋರ್ಟ್ ತೀರ್ಪಿನಂತೆ 1998ರ ಜನವರಿಯಿಂದಲೇ ನಿಷಿದ್ಧ. ನೇರ ಬ್ಲಡ್ ಬ್ಯಾಂಕಿಗೆ ಕರೆದುಕೊಂಡು ಹೋಗಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹದಿನೆಂಟು ತುಂಬಿರಬೇಕು, ತೂಕ 45 ಕಿಲೋ ದಾಟಿರಬೇಕು. "ರಕ್ತ ಕೊಟ್ರೆ ಗದ್ದೆ ಕೆಲ್ಸ ಮಾಡಕ್ಕಾಗಲ್ಲ" ಎನ್ನುವ ಗಟ್ಟಿಮುಟ್ಟು ಭಾವಮೈದುನರಿಗೆ ನಾನು ನನ್ನ ರಕ್ತದಾನದ ಕಾರ್ಡು ತೋರಿಸುತ್ತಿದ್ದೆ. ಅರವತ್ತೈದು ದಾಟಿದ ಮೇಲೆ ಆ ಅಸ್ತ್ರ ಹೋಯಿತು.

9. ಹೆರಿಗೆ ವಾರ್ಡಿನಲ್ಲಿ

"ಏನು ಮಗು?" ಎಂದು ಕೇಳಬೇಡಿ. "ಮಗು, ಬಾಣಂತಿ ಚೆನ್ನಾಗಿದ್ದಾರಾ?" ಎಂದು ಕೇಳಿ. ಮೂರನೆಯದೂ ಹೆಣ್ಣಾದಾಗ ಸಮಾಧಾನ ಹೇಳಲು ಹೋಗಬೇಡಿ, ಅದು ಸಮಾಧಾನ ಹೇಳಬೇಕಾದ ವಿಷಯವೇ ಅಲ್ಲ.

ಮಗುವನ್ನು ಎತ್ತಿಕೊಳ್ಳಬೇಡಿ. "ಒಂಚೂರು ಹಿಡ್ಕೊಳ್ಳಿ ಅಕ್ಕ, ಬಾತ್ರೂಮಿಗೆ ಹೋಗ್ಬತ್ತೀನಿ" ಎಂದು ಬಾಣಂತಿ ಕೊಟ್ಟರೂ ಸಿಸ್ಟರನ್ನು ಕರೆಯಿರಿ. ಕಾರಣ ಸೋಂಕು ಒಂದೇ ಅಲ್ಲ. ಸಹಾಯಕ್ಕೆ ಬಂದವರಂತೆ ನಟಿಸಿ ಕೂಸನ್ನು ಎತ್ತಿಕೊಂಡು ಹೋದ ಸುದ್ದಿಗಳನ್ನು ಪತ್ರಿಕೆಯಲ್ಲಿ ನೀವೂ ಓದಿದ್ದೀರಿ. ಏಪ್ರನ್ ತೊಟ್ಟವರ ಕೈಗೆ ಮಗು ಕೊಡಬಹುದು ಎಂಬ ಅಭ್ಯಾಸವನ್ನು ನಾವು ಆ ತಾಯಂದಿರಿಗೆ ಮಾಡಿಸಬಾರದು.

10. ಸಾವು ಸಂಭವಿಸಿದಾಗ

ಮೊದಲು ಕುರ್ಚಿ, ಆಮೇಲೆ ನೀರು. "ವಿಧಿ", "ಋಣ ತೀರಿತು" ಎಂಬ ಮಾತುಗಳನ್ನು ಹೇಳಲು ನೆಂಟರು ಬರುತ್ತಾರೆ. ನಿಮ್ಮಿಂದ ಅವರಿಗೆ ಬೇಕಿರುವುದು ಬೇರೆ: ಮುಂದೆ ಏನು, ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು.

ಅಪಘಾತ, ವಿಷ, ಸುಟ್ಟ ಗಾಯ ಇಂಥವಾದರೆ ಅದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಪ್ರಕರಣ. ಪೊಲೀಸರ ಪಂಚನಾಮೆ, ಪೋಸ್ಟ್‌ಮಾರ್ಟಂ ಆಗದೆ ದೇಹ ಕೊಡುವುದಿಲ್ಲ. ಇದು ಗೊತ್ತಿಲ್ಲದ ಮನೆಯವರು ಆಸ್ಪತ್ರೆಯವರು ಸತಾಯಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ, ಅಲ್ಲಿಂದಲೇ ಕೂಗಾಟ ಶುರು. ಕ್ರಮವನ್ನು ಒಮ್ಮೆ, ಬೇಕಾದರೆ ಮೂರು ಸಲ ವಿವರಿಸಿ. ಯಾಕೆ ಸತ್ತರು, ಯಾರ ತಪ್ಪು ಎಂಬ ಮಾತಿಗೆ ಇಳಿಯಬೇಡಿ. ಗಲಾಟೆ ಕೈಮೀರಿದರೆ ಪಕ್ಕಕ್ಕೆ ಸರಿದು ಸೆಕ್ಯೂರಿಟಿಯವರನ್ನು ಕರೆಯಿರಿ. ಆಸ್ಪತ್ರೆಯಲ್ಲಿ ಹಲ್ಲೆ ತಡೆಯಲು 2009ರ ರಾಜ್ಯದ ಕಾಯ್ದೆ ಇದೆ, ನಿಮ್ಮ ಪೌರುಷ ಬೇಡ.

ಇನ್ನೊಂದು ಯಾರೂ ಹೇಳಿಕೊಡದ ಕೆಲಸ. ಮರಣದ ಫಾರಂ ತುಂಬುವಾಗ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ನೋಡಿ. "ಸಿದ್ದಮ್ಮ" ಒಂದು ಕಡೆ, "ಸಿದ್ಧಮ್ಮ" ಇನ್ನೊಂದು ಕಡೆ ಆದರೆ ಪೌತಿ ಖಾತೆಗೆ ಅಲೆಯುವುದು ತಿಂಗಳುಗಟ್ಟಲೆ. ಅಳುತ್ತಿರುವ ಮಗನ ಕಣ್ಣಿಗೆ ಒತ್ತಕ್ಷರ ಕಾಣುವುದಿಲ್ಲ. ನಿಮಗೆ ಕಾಣಬೇಕು.

11. ಸಿಸ್ಟರ್‌ಗಳ ಬಗ್ಗೆ

ಮೊದಲು ಅವರು ನಿಮ್ಮನ್ನು ನಂಬುವುದಿಲ್ಲ. ಸರಿಯೇ. ಮೂವತ್ತು, ನಲವತ್ತು ಮಂಚಗಳನ್ನು ಒಬ್ಬಿಬ್ಬರೇ ನೋಡಿಕೊಳ್ಳುವಾಗ ಹೊಸ ಸ್ವಯಂಸೇವಕ ಎಂದರೆ ನಲವತ್ತೊಂದನೇ ಜವಾಬ್ದಾರಿ. "ಡ್ರಿಪ್ ಮುಗೀತಾ ಬಂತು ಸಿಸ್ಟರ್, ಏಳನೇ ಬೆಡ್" ಎಂದು ಮುಗಿಯುವ ಮೊದಲೇ ಹೇಳಿ, ನೀವಾಗಿ ಚಕ್ರ ತಿರುಗಿಸಬೇಡಿ. ಹೀಗೆ ಮೂರು ತಿಂಗಳಾದರೆ ಅವರೇ ಕರೆದು ಕೆಲಸ ಹೇಳುತ್ತಾರೆ. ಮೊದಲು ಕಲಿಯಬೇಕು ಎಂಬುದು ನಮ್ಮಲ್ಲಿ ಮಾತ್ರವಲ್ಲ. ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಉಪಶಮನ ಆರೈಕೆಯ ಸಂಸ್ಥೆ ಕಟ್ಟಿದವರು ಮುಂದೆ ಊರೂರಿನ ಜನರನ್ನೇ ಸ್ವಯಂಸೇವಕರನ್ನಾಗಿ ಬೆಳೆಸಿದರು. ಅಲ್ಲಿಯೂ ತರಬೇತಿ ಮುಗಿಸಿದವರನ್ನೇ ರೋಗಿಯ ಮನೆಗೆ ಕಳಿಸುತ್ತಾರೆ, ನರ್ಸಿನ ಜೊತೆಯಲ್ಲಿ.

12. ನಿಮ್ಮ ದಿನ ತಪ್ಪಿಸಬೇಡಿ

ವಾರಕ್ಕೆ ಐದು ದಿನ ಬರುತ್ತೇನೆ ಎಂದವರು ಎರಡು ತಿಂಗಳಲ್ಲಿ ಕಾಣೆಯಾದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದೇ ದಿನ ಬನ್ನಿ, ಆದರೆ ಪ್ರತಿ ವಾರ ಬನ್ನಿ. ಬರಲಾಗದಿದ್ದರೆ ಹಿಂದಿನ ಸಂಜೆ ಫೋನ್ ಮಾಡಿ. ಕೆಮ್ಮು, ಜ್ವರ, ಭೇದಿ ಇದ್ದರೆ ಬರಲೇಬೇಡಿ. "ಮಂಗಳವಾರ ಬರ್ತೀನಿ" ಎಂದು ರೋಗಿಗೆ ಹೇಳಿ ಬಾರದಿದ್ದರೆ ಅವರು ಬಾಗಿಲು ನೋಡುತ್ತಾ ಕೂತಿರುತ್ತಾರೆ, ಮಾಡಲು ಅವರಿಗೆ ಬೇರೆ ಕೆಲಸವಿಲ್ಲ.

ಹೊಸ ತಂಡ ಬರುವ ಮಂಗಳವಾರ ಸೇರುತ್ತದೆ. ಎಂಟೂಕಾಲಿಗೆ ಚೀಟಿ ಕೌಂಟರಿನ ಹತ್ತಿರ ಇರಿ, ತಿಂಡಿ ತಿಂದು ಬನ್ನಿ. ಫ್ಲಾಸ್ಕು ತಂದರೆ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ.